ಮರುಕಟ್ಟಿದ ಆಟ ಮೂಲಕ್ಕೆ ನಿಷ್ಠವಾಗುವುದು ಎಲ್ಲಿ?

ಕಂಪ್ಯೂಟರ್ ಆಟವೆಂದರೆ ಕಾರಿನ ಓಟ, ಗುಂಡಿನ ಕಾಳಗ, ಕೊನೆಗೆ ಅಂಕಗಳ ಲೆಕ್ಕ ಎಂಬ ಭಾವನೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಆದರೆ ಮಕ್ಕಳು ಗಂಟೆಗಟ್ಟಲೆ ಮುಳುಗಿ ಹೋಗುವ ಆಟಗಳಲ್ಲಿ ಒಂದು ವರ್ಗಕ್ಕೆ ಗೆಲುವೂ ಇಲ್ಲ, ಸೋಲೂ ಇಲ್ಲ. ಅಲ್ಲಿ ಇರುವುದು ಒಂದು ಜಗತ್ತು ಮಾತ್ರ. ಗುಡ್ಡವನ್ನು ಅಗೆಯಬಹುದು, ಹೊಳೆಯನ್ನು ತಿರುಗಿಸಬಹುದು, ಮನೆ ಕಟ್ಟಬಹುದು, ಕಟ್ಟಿದ್ದನ್ನು ಕೆಡವಲೂಬಹುದು. ಏನು ಮಾಡಬೇಕೆಂದು ಆಟ ಹೇಳುವುದಿಲ್ಲ. ಮಾಡಿದ್ದಕ್ಕೆ ಪ್ರತಿಯಾಗಿ ನಡೆದುಕೊಳ್ಳುತ್ತದೆ, ಅಷ್ಟೆ. ಮಗುವನ್ನು ಮರಳಿನ ತೊಟ್ಟಿಯಲ್ಲಿ ಬಿಟ್ಟಂತೆ ಎಂಬ ಅರ್ಥದಲ್ಲಿ ಇವುಗಳಿಗೆ 'ಸ್ಯಾಂಡ್‌ಬಾಕ್ಸ್' ಆಟಗಳೆಂದು ಹೆಸರು ಬಂದಿದೆ.

ಈ ವರ್ಗದಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಇದರ ಮೊದಲ ರೂಪವನ್ನು ಸಾರ್ವಜನಿಕರ ಮುಂದಿಟ್ಟರು. 2011ರ ನವೆಂಬರ್‌ನಲ್ಲಿ ಪೂರ್ಣ ಆವೃತ್ತಿ ಹೊರಬಂತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇದನ್ನು 250 ಕೋಟಿ ಡಾಲರಿಗೆ ಕೊಂಡುಕೊಂಡಿತು. 2023ರ ಹೊತ್ತಿಗೆ ಮಾರಾಟವಾದ ಪ್ರತಿಗಳ ಸಂಖ್ಯೆ 30 ಕೋಟಿ ದಾಟಿತ್ತು. ಇದರ ಜಾವಾ ಆವೃತ್ತಿಯ ಭಾಷಾಪಟ್ಟಿಯಲ್ಲಿ ಸ್ವಯಂಸೇವಕರು ಅನುವಾದಿಸಿದ ಕನ್ನಡವೂ ಸೇರಿದೆ.

ಇಷ್ಟು ಜನಪ್ರಿಯವಾದ ಆಟವನ್ನು ಹವ್ಯಾಸಿಗಳು ಮರುಕಟ್ಟದೆ ಬಿಡುವರೇ? ಬಿಟ್ಟಿಲ್ಲ. ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು, ಮೂಲದಂತೆಯೇ ನಡೆಯುವ ಉಚಿತ ಆಟಗಳನ್ನು ಅವರು ಬರೆದಿದ್ದಾರೆ. ಹಳೆಯ ಕಂಪ್ಯೂಟರಿನಲ್ಲೂ, ಅಂತರ್ಜಾಲದ ಸಂಪರ್ಕವಿಲ್ಲದೆಯೂ ನಡೆಯುವಂಥವು ಅವುಗಳಲ್ಲಿವೆ. ಮುಂಗಾರಿನಲ್ಲಿ ಮರ ಬಿದ್ದು ತಂತಿ ಕಡಿದರೆ ದಿನಗಟ್ಟಲೆ ಸಂಪರ್ಕ ಕಳೆದುಕೊಳ್ಳುವ ಕಳಸ, ಮೂಡಿಗೆರೆ ಕಡೆಯ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಇಂಥ ಆಟವೊಂದು ಮನೆಗೆ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ. 'ಇದು ಅದೇ ಆಟವೇ?' ಎಂದು ಮಗ ಕೇಳುತ್ತಾನೆ. 'ಇದು ಕದ್ದ ಮಾಲೇ?' ಎಂದು ತಂದೆ ಕೇಳುತ್ತಾರೆ. ಒಂದು ಕಲೆಯ ಪ್ರಶ್ನೆ, ಇನ್ನೊಂದು ಕಾನೂನಿನ ಪ್ರಶ್ನೆ. ಮೇಲುನೋಟಕ್ಕೆ ಸಂಬಂಧವಿಲ್ಲದ ಇವೆರಡರ ಉತ್ತರವೂ ಬಹುಮಟ್ಟಿಗೆ ಒಂದೇ ಕಡೆ ಇದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ವೇಷ ಬೇರೆ, ಮರುನಿರ್ಮಾಣ ಬೇರೆ

ಮೊದಲು ಪದಗಳ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಇಂಡೊನೇಷ್ಯಾದ ಮಾಲಿಯೊ ಸಂಸ್ಥೆ 2017ರಲ್ಲಿ ಬಿಡುಗಡೆ ಮಾಡಿದ 'ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ' ಎಂಬ ಮೊಬೈಲ್ ಆಟ ಬಸ್ಸಿನ ಹುಚ್ಚಿರುವ ನಮ್ಮ ಹುಡುಗರಿಗೆ ಪರಿಚಿತವೇ. ಅದರೊಳಗಿನ ಬಸ್ಸಿಗೆ ಆಟಗಾರನೇ ಬಣ್ಣ ಬಳಿಯಬಹುದು. ತಾನೇ ರಚಿಸಿದ ವಾಹನದ ಮಾದರಿಯನ್ನೂ ಸೇರಿಸಬಹುದು. ಹೀಗಾಗಿ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು ಇಂಡೊನೇಷ್ಯಾದ ಹೆದ್ದಾರಿಯಲ್ಲಿ ಓಡುತ್ತಿರುವುದನ್ನು ಕಾಣಬಹುದು. ಇದು ಸೊಗಸಾದ ಕೆಲಸವೇ ಹೌದು. ಆದರೆ ಇಲ್ಲಿ ಬದಲಾಗಿರುವುದು ವೇಷ. ಎಂಜಿನ್ನಿನ ಎಳೆತ, ಬ್ರೇಕಿನ ಹಿಡಿತ, ತಿರುವಿನಲ್ಲಿ ಬಸ್ಸು ವಾಲುವ ರೀತಿ ಎಲ್ಲವೂ ಮೂಲ ಆಟದವೇ. ಇಂಥದ್ದನ್ನು ಆಟಗಾರರು 'ಮಾಡ್' ಎನ್ನುತ್ತಾರೆ.

ಮರುನಿರ್ಮಾಣ ಇದಕ್ಕೆ ತದ್ವಿರುದ್ಧ. ಅಲ್ಲಿ ಮೂಲದ ಪ್ರೋಗ್ರಾಮನ್ನು ಪೂರ್ತಿ ಬದಿಗಿಟ್ಟು, ಅದೇ ಜಗತ್ತನ್ನು ತಳಪಾಯದಿಂದ ಹೊಸದಾಗಿ ಕಟ್ಟಲಾಗುತ್ತದೆ. ವೇಷ ಬೇರೆಯಾದರೂ ನಡೆ ಅದೇ ಇರಬೇಕು ಎಂಬುದು ಅಲ್ಲಿನ ಪಂಥ. ಚಾರ್ಮಾಡಿಯ ತಿರುವಿನಲ್ಲಿ ಬಸ್ಸಿನ ಬಣ್ಣವನ್ನು ಯಾರೂ ನೆಚ್ಚುವುದಿಲ್ಲ, ಬ್ರೇಕನ್ನು ನೆಚ್ಚುತ್ತಾರೆ. ಮರುನಿರ್ಮಾಣವನ್ನು ಅಳೆಯಬೇಕಾದ ಕ್ರಮವೂ ಇದೇ.

ಅಳಗುಳಿಮಣೆ ಹೇಳುವ ಪಾಠ

ಈ ಮಾತು ಹೊಸದೇನಲ್ಲ. ಅಳಗುಳಿಮಣೆಯನ್ನೇ ತೆಗೆದುಕೊಳ್ಳಿ. ಘಟ್ಟದ ಕೆಳಗೆ ಇದು ಚೆನ್ನೆಮಣೆ. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ. ಪ್ರತಿ ಗುಳಿಯಲ್ಲಿ ಕೆಲವೆಡೆ ನಾಲ್ಕು, ಕೆಲವೆಡೆ ಐದು ಕಾಳು. ಹಲಸಿನ ಮರದ ಮಣೆಯ ಮೇಲೆ ಮಂಜಟ್ಟಿ ಬೀಜ ಇಟ್ಟು ಆಡಿದರೂ, ಅಂಗಳದ ಮಣ್ಣಿನಲ್ಲಿ ಗುಳಿ ತೋಡಿ ಹುಣಿಸೆ ಬೀಜವನ್ನೋ ಕಾಫಿ ಬೀಜವನ್ನೋ ಇಟ್ಟು ಆಡಿದರೂ ಅದೇ ಆಟ. ಅಜ್ಜಿಗೆ ಅನುಮಾನವೇ ಬರುವುದಿಲ್ಲ. ಅದೇ, ಕೆತ್ತನೆಯ ಬೀಟೆಮಣೆಯನ್ನು ತಂದು ಸಾಲಿಗೆ ಆರೇ ಗುಳಿ ಇಟ್ಟರೆ ಎರಡನೆಯ ನಡೆಯಲ್ಲೇ ಅಜ್ಜಿ ಕೈ ತಡೆಯುತ್ತಾರೆ. ಎಷ್ಟು ಚಂದವಿದ್ದರೂ ಅದು ಬೇರೆ ಆಟ.

ಮಣೆ ಮರದ್ದೋ ಮಣ್ಣಿನದೋ ಎಂಬುದು ಅಲಂಕಾರ. ಕಾಳು ಎಲ್ಲಿಗೆ ಮುಗಿಯುತ್ತದೆ, ಮುಂದಿನ ಗುಳಿ ಬರಿದಾಗಿದ್ದರೆ ಏನು ಸಿಗುತ್ತದೆ ಎಂಬುದು ನಿಯಮ. ಆಟದ ಜೀವ ಇರುವುದು ನಿಯಮದಲ್ಲಿ. ಸ್ಯಾಂಡ್‌ಬಾಕ್ಸ್ ಆಟದಲ್ಲಿ ಇಂಥ ನಿಯಮಗಳು ಸಾವಿರಾರು. ಬಹುಪಾಲು ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಆಡಿ ನೋಡಿ ಕಂಡುಹಿಡಿಯಬೇಕು. ಹವ್ಯಾಸಿಯ ನಿಜವಾದ ಶ್ರಮ ಇಲ್ಲಿದೆ.

ಒಂದು ಕಾಲ್ಪನಿಕ ಕಾಫಿ ತೋಟ

ನಿಯಮ ಕಂಡುಹಿಡಿಯುವುದು ಎಷ್ಟು ಸೂಕ್ಷ್ಮದ ಕೆಲಸವೆಂಬುದನ್ನು ನಮ್ಮದೇ ಒಂದು ಉದಾಹರಣೆಯಿಂದ ನೋಡೋಣ. ಕಾಫಿ ತೋಟದ ಒಂದು ಸ್ಯಾಂಡ್‌ಬಾಕ್ಸ್ ಆಟ ಇದೆಯೆಂದು ಊಹಿಸಿಕೊಳ್ಳಿ. ಸಿಲ್ವರ್ ಓಕ್ ನೆರಳು, ಮರಕ್ಕೆ ಹಬ್ಬಿದ ಮೆಣಸು, ಕಣದಲ್ಲಿ ಹರಡಿದ ಹಣ್ಣು ಎಲ್ಲವೂ ಇದೆ. ಅದರ ಮೂಲ ಪ್ರೋಗ್ರಾಮು ನಿಮಗೆ ಸಿಗುವುದಿಲ್ಲ. ಆಡಿ ನೋಡಿ ಮರುಕಟ್ಟಬೇಕು.

ಆಟದಲ್ಲಿ ಮಾರ್ಚ್ ತಿಂಗಳಲ್ಲಿ ಮಳೆ ಬಂತು. ಒಂಬತ್ತನೆಯ ದಿನ ತೋಟವೆಲ್ಲ ಬೆಳ್ಳಗೆ ಅರಳಿತು. 'ಮಳೆ ಬಂದರೆ ಒಂಬತ್ತು ದಿನಕ್ಕೆ ಹೂವು' ಎಂದು ನೀವು ಬರೆದುಕೊಂಡು ಹಾಗೆಯೇ ಕಟ್ಟಿದಿರಿ. ನೋಡಿದವರೆಲ್ಲ ಮೆಚ್ಚಿದರು. ಮರುದಿನ ಒಬ್ಬ ಆಟಗಾರ ಹೊಳೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಯಿಸಿದ. ಮೂಲ ಆಟದಲ್ಲಿ ಹೂವು ಅರಳುತ್ತದೆ, ನಿಮ್ಮದರಲ್ಲಿ ಅರಳಲಿಲ್ಲ. ನಿಯಮ ಇದ್ದದ್ದು ಮಳೆಯ ಮೇಲಲ್ಲ, ನೀರಿನ ಮೇಲೆ.

ತಿದ್ದಿದಿರಿ. ಇನ್ನೊಬ್ಬ ಆಟಗಾರ ಚಳಿಗಾಲದಿಂದಲೂ ಬಿಡದೆ ನೀರು ಹಾಯಿಸಿದ. ಮೂಲದಲ್ಲಿ ಹೂವು ಚೆದುರಿ ಹೋಗುತ್ತದೆ, ನಿಮ್ಮದರಲ್ಲಿ ಭರ್ಜರಿಯಾಗಿ ಅರಳಿತು. ಏಕೆಂದರೆ ಮೊಗ್ಗು ಮೊದಲು ಒಣಹವೆಯಲ್ಲಿ ಮಲಗಬೇಕು. ಆ ಬಳಿಕ ಸಾಕಷ್ಟು ನೀರು ಬಿದ್ದರೆ ಮಾತ್ರ ಒಮ್ಮೆಗೇ ಏಳುತ್ತದೆ. ಹೂಮಳೆಯಾಗಿ ಎಂಟು ಹತ್ತು ದಿನಕ್ಕೆ ಹೂವು, ಅದರ ಹಿಂದೆಯೇ ಕಾಯಿ ನಿಲ್ಲಲು ಬ್ಯಾಕಿಂಗ್ ಮಳೆ ಎಂಬ ಲೆಕ್ಕ ಬೆಳೆಗಾರರಿಗೆ ಬಾಯಿಪಾಠ. ಆಟವನ್ನು ಮರುಕಟ್ಟುವವನಿಗೂ ಅದೇ ಲೆಕ್ಕ ಬೇಕು.

ಸ್ಯಾಂಡ್‌ಬಾಕ್ಸ್ ಆಟದ ವಿಶೇಷ ಕಷ್ಟ ಇದೇ. ಕತೆಯಿರುವ ಆಟದಲ್ಲಿ ಆಟಗಾರ ಹೋಗುವ ದಾರಿ ಮೊದಲೇ ಗೊತ್ತು; ಆ ದಾರಿಯಷ್ಟನ್ನು ಸರಿಯಾಗಿ ಕಟ್ಟಿದರೆ ಸಾಕು. ಇಲ್ಲಿ ಆಟಗಾರ ಯಾರೂ ನೆನೆಯದ ಕಡೆ ನೀರು ಹಾಯಿಸುತ್ತಾನೆ. ಆಗಲೂ ಜಗತ್ತು ಮೂಲದಲ್ಲಿ ಕೊಡುತ್ತಿದ್ದ ಉತ್ತರವನ್ನೇ ಕೊಡಬೇಕು.

ಕಾಲ ಮತ್ತು ಬೀಜ

ಮೈನ್‌ಕ್ರಾಫ್ಟ್ ಜಗತ್ತಿನ ನಾಡಿ ಸೆಕೆಂಡಿಗೆ 20 ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೆ ನೀರು ಎಷ್ಟು ಹರಿಯಿತು, ಪೈರು ಎಷ್ಟು ಬೆಳೆಯಿತು ಎಂಬ ಲೆಕ್ಕ ಮುಂದೆ ಸಾಗುತ್ತದೆ. ಇಂಥ 24,000 ಬಡಿತಗಳಿಗೆ, ಅಂದರೆ 20 ನಿಮಿಷಕ್ಕೆ, ಆಟದ ಒಂದು ಹಗಲು ಮತ್ತು ರಾತ್ರಿ ಮುಗಿಯುತ್ತದೆ. ಮರುನಿರ್ಮಾಣದ ನಾಡಿ ಕೊಂಚ ಬೇರೆಯಾದರೂ ಆಟಗಾರನ ಕೈಗೆ ತಿಳಿಯುತ್ತದೆ. ನೆಗೆತ ಒಂದು ಕಲ್ಲನ್ನು ದಾಟಬೇಕು, ಎರಡನ್ನು ದಾಟಬಾರದು. ವರ್ಷಗಟ್ಟಲೆ ಆಡಿದ ಹುಡುಗನ ಬೆರಳುಗಳು ಈ ಅಳತೆಗಳನ್ನು ಕಣ್ಣಿಗಿಂತ ಚೆನ್ನಾಗಿ ಬಲ್ಲವು.

ಇದಕ್ಕಿಂತ ಕಠಿಣವಾದದ್ದು 'ಸೀಡ್', ಅಂದರೆ ಬೀಜ. ಈ ಆಟದ ಗುಡ್ಡಬೆಟ್ಟಗಳನ್ನು ಯಾರೂ ಕುಳಿತು ಚಿತ್ರಿಸಿಲ್ಲ. ಒಂದು ಸಂಖ್ಯೆಯನ್ನು ಬೀಜವಾಗಿ ಕೊಟ್ಟರೆ ಅದರಿಂದ ಇಡೀ ಜಗತ್ತು ಲೆಕ್ಕದ ಮೂಲಕ ಹುಟ್ಟುತ್ತದೆ. ಒಂದೇ ಆವೃತ್ತಿಯಲ್ಲಿ ಒಂದೇ ಸಂಖ್ಯೆಗೆ ಎಲ್ಲರಿಗೂ ಒಂದೇ ಬೆಟ್ಟ, ಒಂದೇ ಹೊಳೆ. ಮೂಲ ಆಟ ಬರೆದಿರುವ ಜಾವಾ ಭಾಷೆಯ ಯಾದೃಚ್ಛಿಕ ಸಂಖ್ಯಾಯಂತ್ರ, ಹಿಂದಿನ ಸಂಖ್ಯೆಯನ್ನು 25,214,903,917ರಿಂದ ಗುಣಿಸಿ, 11 ಕೂಡಿಸಿ, ಅದರ ಕೊನೆಯ 48 ಬಿಟ್‌ಗಳನ್ನು ಉಳಿಸಿಕೊಳ್ಳುತ್ತದೆ. ಬೇರೆ ಭಾಷೆಯಲ್ಲಿ ಮರುಕಟ್ಟುವವನು ಇದೇ ಗುಣಾಕಾರವನ್ನು ಇದೇ ಅನುಕ್ರಮದಲ್ಲಿ ಮಾಡದೆ ಹೋದರೆ, ಅದೇ ಬೀಜ ನೆಟ್ಟರೂ ಬೇರೆ ಬೆಟ್ಟ ಏಳುತ್ತದೆ. ಬೆಟ್ಟ ಸುಂದರವಾಗಿಯೇ ಇರಬಹುದು. ಆದರೆ ಗೆಳೆಯನೊಬ್ಬ ಸಂಖ್ಯೆ ಕೊಟ್ಟು, 'ಹೊಳೆಯ ಪಕ್ಕದ ಗುಹೆಯಲ್ಲಿ ಕಾಯುತ್ತೇನೆ' ಎಂದರೆ ಅಲ್ಲಿ ಹೊಳೆಯೂ ಇರುವುದಿಲ್ಲ, ಗುಹೆಯೂ ಇರುವುದಿಲ್ಲ.

ತಪ್ಪನ್ನೂ ಉಳಿಸಿಕೊಳ್ಳಬೇಕೇ?

ಈಗ ತೊಡಕಿನ ಪ್ರಶ್ನೆ. ಮೂಲದಲ್ಲಿ ತಪ್ಪಿದ್ದರೆ ಅದನ್ನು ತಿದ್ದಬೇಕೋ, ಉಳಿಸಿಕೊಳ್ಳಬೇಕೋ?

ಮೈನ್‌ಕ್ರಾಫ್ಟಿನಲ್ಲಿ 'ಪಿಸ್ಟನ್' ಎಂಬ ತಳ್ಳುಯಂತ್ರವಿದೆ. 2011ರಲ್ಲಿ ಸೇರಿದ್ದು. ಅದಕ್ಕೆ 'ರೆಡ್‌ಸ್ಟೋನ್' ಎಂಬ ವಿದ್ಯುತ್ತಿನಂಥ ಶಕ್ತಿ ತಗುಲಿದರೆ ಮುಂದಿನ ಕಲ್ಲನ್ನು ತಳ್ಳುತ್ತದೆ. ವಿಚಿತ್ರವೆಂದರೆ ಜಾವಾ ಆವೃತ್ತಿಯಲ್ಲಿ ಪಿಸ್ಟನ್‌ಗೆ ನೇರವಾಗಿ ಶಕ್ತಿ ತಗುಲದೆ, ಅದರ ಮೇಲಿನ ಖಾಲಿ ಜಾಗಕ್ಕೆ ತಗುಲುವಂತಿದ್ದರೂ ಅದು ಚಲಿಸುತ್ತದೆ. ಮೊದಮೊದಲು ಇದನ್ನು ದೋಷವೆಂದು ದೂರಿದವರು ಅನೇಕರು. ಅಷ್ಟರಲ್ಲಿ ಸಾವಿರಾರು ಆಟಗಾರರು ಈ ವಿಚಿತ್ರವನ್ನೇ ಆಧರಿಸಿ ಬಾಗಿಲು, ಗಿರಣಿ, ಲೆಕ್ಕಯಂತ್ರಗಳನ್ನು ಕಟ್ಟಿಬಿಟ್ಟಿದ್ದರು. ಆಟದ ಒಡೆಯರು ಇದನ್ನು ಹಾಗೆಯೇ ಉಳಿಸಿಕೊಂಡರು. 'ಕ್ವಾಸಿ ಕನೆಕ್ಟಿವಿಟಿ' ಎಂಬ ಹೆಸರೂ ಬಂತು. ತಪ್ಪು ನಿಯಮವಾಯಿತು.

ಇದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಮೊಬೈಲ್ ಮೊದಲಾದ ಸಾಧನಗಳಿಗಾಗಿ ಅದೇ ಸಂಸ್ಥೆ ಬೇರೆ ಭಾಷೆಯಲ್ಲಿ ಬರೆದ 'ಬೆಡ್‌ರಾಕ್' ಆವೃತ್ತಿಯಲ್ಲಿ ಈ ನಿಯಮವಿಲ್ಲ. ಅಂದರೆ ಜಾವಾ ಆವೃತ್ತಿಯಲ್ಲಿ ಓಡುತ್ತಿದ್ದ ಎಷ್ಟೋ ಯಂತ್ರಗಳು ಒಡೆಯರೇ ಕಟ್ಟಿದ ಆವೃತ್ತಿಯಲ್ಲಿ ನಿಂತುಹೋಗುತ್ತವೆ. ಹೆಸರು ಅದೇ, ಚಿತ್ರ ಅದೇ, ಮುದ್ರೆಯೂ ಅದೇ; ಆದರೂ ಈ ಒಂದು ವಿಷಯದಲ್ಲಿ ಮೂಲನಿಷ್ಠೆ ಇಲ್ಲ. ಮುದ್ರೆ ಒತ್ತುವ ಹಕ್ಕು ಒಡೆಯನಿಗಿದೆ. ಆದರೆ ಮುದ್ರೆಯಿಂದ ನಿಷ್ಠೆ ಬರುವುದಿಲ್ಲ.

ತಿದ್ದಿದ್ದರಿಂದ ಕಳೆದುಹೋದದ್ದೂ ಇದೆ. ಹಳೆಯ ಆವೃತ್ತಿಗಳಲ್ಲಿ ಜಗತ್ತಿನ ನಡುವಿನಿಂದ ಸುಮಾರು 1,25,50,821 ಕಲ್ಲುಗಳಷ್ಟು ದೂರ ನಡೆದರೆ, ಭೂಮಿ ಹುಟ್ಟಿಸುವ ಲೆಕ್ಕ ತನ್ನ ಮಿತಿ ಮೀರಿ, ನೆಲವೆಲ್ಲ ಗೋಡೆಯಂತೆ ಎದ್ದು ತೂತುತೂತಾಗಿ ಕಾಣುತ್ತಿತ್ತು. ಅದಕ್ಕೆ 'ಫಾರ್ ಲ್ಯಾಂಡ್ಸ್' ಎಂದು ಹೆಸರು. ಅಮೆರಿಕದ ಕರ್ಟ್ ಜೆ. ಮ್ಯಾಕ್ ಎಂಬ ಆಟಗಾರ 2011ರಲ್ಲಿ ಆ ಅಂಚಿನ ಕಡೆಗೆ ಕಾಲ್ನಡಿಗೆ ಆರಂಭಿಸಿ, ಅದರ ಮೂಲಕ ಮಕ್ಕಳ ನೆರವಿಗೆ ಹಣ ಸಂಗ್ರಹಿಸಿದರು. ಅದೇ ವರ್ಷ ಸೆಪ್ಟೆಂಬರಿನ ಆವೃತ್ತಿಯಲ್ಲಿ ದೋಷ ಸರಿಯಾಗಿ, ಆ ಅಂಚೇ ಇಲ್ಲವಾಯಿತು. ನಡಿಗೆ ಮುಂದುವರಿಸಲು ಅವರು ಹಳೆಯ ಆವೃತ್ತಿಯಲ್ಲೇ ಉಳಿಯಬೇಕಾಯಿತು. ಹೊಸ ಆವೃತ್ತಿಯಲ್ಲಿ ದಾರಿ ಇದೆ, ತಲುಪಬೇಕಾದ ಊರಿಲ್ಲ.

ಇದರಿಂದ ಹೊರಡುವ ಸೂತ್ರ ಸರಳ. ಯಾವ ತಪ್ಪಿನ ಮೇಲೆ ಆಟಗಾರರು ಏನನ್ನಾದರೂ ಕಟ್ಟಿಕೊಂಡಿದ್ದಾರೋ ಅದನ್ನು ಉಳಿಸಿಕೊಳ್ಳಬೇಕು. ಆಟವನ್ನು ಸುಮ್ಮನೆ ನಿಲ್ಲಿಸಿಬಿಡುವ, ಕಟ್ಟಿದ್ದನ್ನು ಅಳಿಸಿಬಿಡುವ ತಪ್ಪನ್ನು ತಿದ್ದಬೇಕು. ಯಾರ ಬದುಕೂ ಅದರ ಮೇಲೆ ನಿಂತಿಲ್ಲ.

ಮಂಜು ತೆಗೆದ ಬೆಟ್ಟ

ಮಿತಿಗಳ ವಿಷಯವೂ ಹೀಗೆಯೇ. ಸೈಬರ್ ಕೆಫೆಗಳ ಕಾಲದಲ್ಲಿ ಬೆಳೆದ ತಲೆಮಾರಿಗೆ 'ಜಿಟಿಎ ವೈಸ್ ಸಿಟಿ', 'ಸ್ಯಾನ್ ಆಂಡ್ರಿಯಾಸ್' ಆಟಗಳು ನೆನಪಿರಬೇಕು. ನಗರದಲ್ಲಿ ಮನಬಂದಂತೆ ಅಲೆಯಲು ಬಿಡುತ್ತಿದ್ದ ಈ ಆಟಗಳಲ್ಲಿ ಅಂದಿನ ಯಂತ್ರಗಳ ಶಕ್ತಿ ಸಾಲದೆ, ದೂರದ ದೃಶ್ಯವನ್ನು ಮಂಜಿನಿಂದ ಮುಚ್ಚಲಾಗಿತ್ತು.

2021ರ ನವೆಂಬರಿನಲ್ಲಿ ಮೂರು ಹಳೆಯ ಜಿಟಿಎ ಆಟಗಳ ಅಧಿಕೃತ ನವೀಕೃತ ರೂಪ ಹೊರಬಂತು. ಹೊಸ ಯಂತ್ರಗಳಿಗೆ ಶಕ್ತಿ ಇತ್ತು, ಮಂಜು ತೆಗೆಯಲಾಯಿತು. ಆಗ ಏನಾಯಿತೆಂದರೆ, ಸ್ಯಾನ್ ಆಂಡ್ರಿಯಾಸಿನ ಬೆಟ್ಟದ ಮೇಲೆ ನಿಂತವನಿಗೆ ಇಡೀ ನಾಡು ಒಂದೇ ನೋಟಕ್ಕೆ ಕಂಡಿತು. ಒಂದು ರಾಜ್ಯದಷ್ಟು ದೊಡ್ಡದೆಂದು ನಂಬಿದ್ದ ಜಗತ್ತು ಆಟಿಕೆಯಂತೆ ಕಾಣತೊಡಗಿತು. ಮಳೆಯೋ, ಕಣ್ಣಿಗೆ ಬಿಳಿಗೆರೆ ಎಳೆದಂತೆ ದಾರಿಯನ್ನೇ ಮರೆಮಾಡುತ್ತಿತ್ತು. ಅಭಿಮಾನಿಗಳ ಅಸಮಾಧಾನ ದೊಡ್ಡದಾಗಿಯೇ ಕೇಳಿಬಂತು. ಹಳೆಯ ಆಕಾಶ ಮತ್ತು ಬೆಳಕನ್ನು ಮರಳಿಸುವ ಆಯ್ಕೆ ಬಂದದ್ದು 2024ರ ನವೆಂಬರಿನಲ್ಲಿ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಮಂಜು ಮುಸುಕಿದಾಗ ಅದರ ತುದಿ ಎಲ್ಲಿದೆಯೆಂದು ತಿಳಿಯದೆ ಇನ್ನಷ್ಟು ಎತ್ತರವೆನಿಸುತ್ತದೆ. ಯಂತ್ರದ ಬಡತನದಿಂದ ಬಂದ ಮಂಜು ಆ ಜಗತ್ತಿನ ವಿಸ್ತಾರವನ್ನು ಹಿಡಿದಿಟ್ಟಿತ್ತು. ಬಡತನ ನೀಗಿತೆಂದು ಮಂಜನ್ನೂ ತೆಗೆದದ್ದು ತಪ್ಪಾಯಿತು.

ಹವ್ಯಾಸಿಗಳು ಕಂಡುಕೊಂಡ ದಾರಿಗಳು

ಹಾಗಾದರೆ ಹವ್ಯಾಸಿಗಳು ಏನು ಮಾಡಿದ್ದಾರೆ? ಮೂರು ಉದಾಹರಣೆ ನೋಡಬಹುದು.

ಮೊದಲನೆಯದು 'ಕ್ಲಾಸಿಕ್ಯೂಬ್'. ಇದು ಇಂದಿನ ಮೈನ್‌ಕ್ರಾಫ್ಟನ್ನು ಹಿಂಬಾಲಿಸುವುದಿಲ್ಲ. 2009ರ ಆದಿರೂಪವನ್ನಷ್ಟೇ ಗುರಿಯಾಗಿಟ್ಟುಕೊಂಡು ಸಿ ಭಾಷೆಯಲ್ಲಿ ಹೊಸದಾಗಿ ಬರೆದದ್ದು. ಮೂಲ ಆಟ ವರ್ಷವರ್ಷಕ್ಕೂ ಬದಲಾಗುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಜಗತ್ತಿನ ಎತ್ತರ 128 ಕಲ್ಲುಗಳಿದ್ದದ್ದು 2012ರಲ್ಲಿ 256 ಆಯಿತು, 2021ರಲ್ಲಿ 384 ಆಯಿತು. ಆದ್ದರಿಂದ 'ಮೂಲಕ್ಕೆ ನಿಷ್ಠ' ಎನ್ನುವವನು ಯಾವ ದಿನದ ಮೂಲ ಎಂದು ಮೊದಲು ಹೇಳಬೇಕು. ಕ್ಲಾಸಿಕ್ಯೂಬ್ ಹೇಳಿದೆ. ಬಹಳ ಹಳೆಯ ಕಂಪ್ಯೂಟರುಗಳಲ್ಲೂ ಓಡುತ್ತದೆ.

ಎರಡನೆಯದು 'ಲುಆಂಟಿ'. ಫಿನ್ಲೆಂಡಿನ ಪೆರ್ಟು ಅಹೋಲ 2010ರಲ್ಲಿ 'ಮೈನ್‌ಟೆಸ್ಟ್' ಎಂಬ ಹೆಸರಿನಲ್ಲಿ ಆರಂಭಿಸಿದ ಇದು 2024ರ ಅಕ್ಟೋಬರಿನಲ್ಲಿ ಹೆಸರು ಬದಲಿಸಿಕೊಂಡಿತು. ಇದು ಆಟಕ್ಕಿಂತ ಹೆಚ್ಚಾಗಿ ಆಟಗಳಿಗೆ ಅಡಿಪಾಯ. ಇದರ ಮೇಲೆ ನಿಂತ 'ವಾಕ್ಸೆಲಿಬ್ರೆ' ಮತ್ತು 'ಮೈನ್‌ಕ್ಲೋನಿಯಾ' ಮೈನ್‌ಕ್ರಾಫ್ಟಿನ ಅನುಭವವನ್ನು ಮರುಕಟ್ಟಲು ಯತ್ನಿಸುತ್ತವೆ. ಅಡಿಪಾಯಕ್ಕೆ ಅದರದೇ ಮಿತಿಗಳಿವೆ. ಮೈನ್‌ಕ್ರಾಫ್ಟಿನ ನೆಲ ನಡುವಿನಿಂದ ಎಲ್ಲ ದಿಕ್ಕಿಗೂ ಮೂರು ಕೋಟಿ ಕಲ್ಲುಗಳಷ್ಟು ಹರಡಿದ್ದರೆ ಲುಆಂಟಿಯದು ಸುಮಾರು 31,000 ಮಾತ್ರ. ಆದರೆ ಮೇಲಕ್ಕೂ ಕೆಳಕ್ಕೂ ಅಷ್ಟೇ ಇದೆ. ಮೂಲದಲ್ಲಿ 'ನೆದರ್' ಎಂಬ ಪಾತಾಳ ಲೋಕ ಪ್ರತ್ಯೇಕ ಜಗತ್ತು. ವಾಕ್ಸೆಲಿಬ್ರೆಯಲ್ಲಿ ಅದನ್ನು ಅದೇ ನೆಲದ ಅಡಿಯಲ್ಲಿ ಬಹು ಆಳದಲ್ಲಿ ಹುದುಗಿಸಲಾಗಿದೆ. ದ್ವಾರದೊಳಗೆ ಹೊಕ್ಕವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಒಳಗಿನ ಕಟ್ಟೋಣ ಬೇರೆಯಾಗಿದ್ದೂ ಆಟಗಾರನಿಗೆ ಸಿಗುವ ಉತ್ತರ ಅದೇ ಆಗಿರುವುದಕ್ಕೆ ಇದೊಂದು ಒಳ್ಳೆಯ ಮಾದರಿ.

ಮೂರನೆಯದು 'ಓಪನ್ ಟಿಟಿಡಿ'. ಕ್ರಿಸ್ ಸಾಯರ್ ಅವರ 1995ರ 'ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್' ಎಂಬ ರೈಲು, ಬಸ್ಸು, ಹಡಗುಗಳ ಆಟದ ಮರುನಿರ್ಮಾಣ. ಲುಡ್ವಿಗ್ ಸ್ಟ್ರಿಗಿಯಸ್ 2004ರಲ್ಲಿ ಮೂಲ ಪ್ರೋಗ್ರಾಮನ್ನು ಬಿಡಿಸಿ ಓದಿ ಇದನ್ನು ಆರಂಭಿಸಿದರು. ಮೊದಲಿಗೆ ಆಡಲು ಮೂಲ ಆಟದ ಚಿತ್ರ ಮತ್ತು ಶಬ್ದಗಳು ಬೇಕಾಗಿದ್ದವು. ಸ್ವಯಂಸೇವಕರು ಹೊಸ ಚಿತ್ರ, ಹೊಸ ಶಬ್ದಗಳನ್ನು ರಚಿಸಿದ ಮೇಲೆ 2010ರ ಏಪ್ರಿಲ್‌ನಲ್ಲಿ ಬಂದ 1.0 ಆವೃತ್ತಿಯಿಂದ ಅವುಗಳ ಹಂಗು ತಪ್ಪಿತು. ಏರಿನಲ್ಲಿ ರೈಲು ವೇಗ ಕಳೆದುಕೊಳ್ಳುವ ಮೂಲ ಲೆಕ್ಕ ಹಾಗೂ ಹೆಚ್ಚು ಸಹಜವಾದ ಹೊಸ ಲೆಕ್ಕ, ಎರಡೂ ಇದರಲ್ಲಿವೆ. ಬೇಕಾದದ್ದನ್ನು ಆಟಗಾರನೇ ಆರಿಸಿಕೊಳ್ಳಬಹುದು. ಸುಧಾರಣೆ ಮಾಡಿದರೂ ಹಳೆಯದನ್ನು ಅಳಿಸದೆ ಪಕ್ಕದಲ್ಲಿಟ್ಟ ಈ ಕ್ರಮ ಅನುಕರಣೀಯ.

ಕದ್ದ ಮಾಲೇ?

ಇನ್ನು ತಂದೆಯ ಪ್ರಶ್ನೆ. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯ ಕೃತಿಯೆಂದೇ ಪರಿಗಣಿತವಾಗುತ್ತದೆ. ಆಟದ ಚಿತ್ರಗಳಿಗೆ, ಸಂಗೀತಕ್ಕೆ ಪ್ರತ್ಯೇಕ ಹಕ್ಕುಗಳಿವೆ. ಹೆಸರಿಗೆ ಟ್ರೇಡ್‌ಮಾರ್ಕ್ ರಕ್ಷಣೆಯೂ ಇರುತ್ತದೆ. ಆದರೆ ಭಾವನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದು ನಾಟಕ ಮತ್ತು ಚಲನಚಿತ್ರದ ನಡುವಿನ ವ್ಯಾಜ್ಯ; ತತ್ತ್ವ ಇಲ್ಲಿಗೂ ಅನ್ವಯಿಸುತ್ತದೆ. ಪ್ರೋಗ್ರಾಮನ್ನು ಅದು ಒದಗಿದ ಉದ್ದೇಶಕ್ಕಾಗಿ ಬಳಸುತ್ತಲೇ ಅದರ ನಡೆಯನ್ನು ಗಮನಿಸಿ, ಪರೀಕ್ಷಿಸಿ, ಹಿಂದಿನ ತತ್ತ್ವಗಳನ್ನು ತಿಳಿದುಕೊಳ್ಳುವುದು ಉಲ್ಲಂಘನೆಯಲ್ಲ ಎಂದು ಅದೇ ಕಾಯ್ದೆಯ 52ನೆಯ ಕಲಮು ಹೇಳುತ್ತದೆ.

ಗಮನಿಸಿ: ಕಾನೂನು ನಕಲು ಮಾಡಬೇಡ ಎನ್ನುವುದು ಚಿತ್ರ, ಶಬ್ದ, ಹೆಸರು ಮತ್ತು ಬರೆದ ಪ್ರೋಗ್ರಾಮನ್ನು. ಗಮನಿಸಿ ಕಲಿ ಎಂದು ಬಿಡುವುದು ನಡೆಯನ್ನು. ಅಳಗುಳಿಮಣೆಯ ಅಜ್ಜಿ ಮಾಡಿದ ವಿಂಗಡಣೆಗೂ ಇದಕ್ಕೂ ಬಹಳ ಅಂತರವಿಲ್ಲ. ಮೂಲನಿಷ್ಠೆಗೆ ಅತ್ಯಗತ್ಯವಾದ ನಿಯಮ ಬಹುಮಟ್ಟಿಗೆ ಎಲ್ಲರದು. ಅತ್ಯಗತ್ಯವಲ್ಲದ ಅಲಂಕಾರ ಒಡೆಯನದು. ವಾಕ್ಸೆಲಿಬ್ರೆ ಮೈನ್‌ಕ್ರಾಫ್ಟಿನ ಚಿತ್ರಗಳ ಬದಲು ಮುಕ್ತ ಪರವಾನಗಿಯ ಚಿತ್ರಗಳನ್ನು ಬಳಸುತ್ತದೆ. ಹಾಗೆಂದು ಅದರ ನಿಷ್ಠೆಗೇನೂ ಕುಂದು ಬಂದಿಲ್ಲ.

ಈ ಗಡಿ ಎಲ್ಲ ಕಡೆಯೂ ನಿಚ್ಚಳವಲ್ಲ ಎಂಬುದನ್ನೂ ಹೇಳಬೇಕು. ಜಿಟಿಎ 3 ಮತ್ತು ವೈಸ್ ಸಿಟಿ ಆಟಗಳ ಯಂತ್ರಭಾಷೆಯನ್ನು ಬಿಡಿಸಿ ಮರುಬರೆದ 'ಆರ್‌ಇ3' ಎಂಬ ಹವ್ಯಾಸಿ ಯೋಜನೆ ನಡೆಯಲ್ಲಿ ಮೂಲಕ್ಕೆ ಅತ್ಯಂತ ಹತ್ತಿರವಿತ್ತು. ಚಿತ್ರಗಳಿಗಾಗಿ ಆಟಗಾರನ ಬಳಿ ಕೊಂಡ ಪ್ರತಿಯೇ ಇರಬೇಕಿತ್ತು. ಆದರೂ ಒಡೆತನದ ಟೇಕ್‌-ಟೂ ಸಂಸ್ಥೆ 2021ರ ಫೆಬ್ರುವರಿಯಲ್ಲಿ ಅದನ್ನು ತೆಗೆಸಿತು, ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿತು. ಆಡಿ ನೋಡಿ ಕಲಿತು ಬರೆಯುವುದಕ್ಕೂ ಬರೆದದ್ದನ್ನು ಬಿಡಿಸಿ ಅನುವಾದಿಸುವುದಕ್ಕೂ ಇರುವ ಅಂತರ ಇಲ್ಲಿದೆ. ಇನ್ನೊಂದು ಎಚ್ಚರಿಕೆ 2012ರ ಟೆಟ್ರಿಸ್ ಪ್ರಕರಣದ್ದು. ನಿಯಮ ಯಾರ ಸೊತ್ತೂ ಅಲ್ಲವೆಂದು ಒಪ್ಪಿಯೂ, ಅಂಕಣದ ಅಳತೆಯಿಂದ ಬಿಲ್ಲೆಗಳ ರೂಪದವರೆಗೆ ಹೊರನೋಟವನ್ನೆಲ್ಲ ಹಾಗೆಯೇ ಎತ್ತಿಕೊಂಡ ಸಂಸ್ಥೆಯ ವಿರುದ್ಧ ಅಮೆರಿಕದ ನ್ಯಾಯಾಲಯ ತೀರ್ಪು ನೀಡಿತು.

ಮನೆಯಲ್ಲೇ ಪರೀಕ್ಷೆ

ಮರುಕಟ್ಟಿದ ಆಟ ಎಷ್ಟು ನಿಷ್ಠವೆಂದು ತಿಳಿಯಲು ತಜ್ಞರು ಬೇಕಿಲ್ಲ. ವಿದ್ಯಾರ್ಥಿಗಳು ತಾವೇ ಕೆಲವು ಪರೀಕ್ಷೆ ಮಾಡಬಹುದು. ಎರಡು ಕಲ್ಲು ಉದ್ದ, ಎರಡು ಕಲ್ಲು ಅಗಲದ ಗುಂಡಿ ತೋಡಿ ಎದುರು ಮೂಲೆಗಳಿಗೆ ಎರಡು ಬಕೆಟ್ ನೀರು ಸುರಿಯಿರಿ. ಮೈನ್‌ಕ್ರಾಫ್ಟಿನಲ್ಲಿ ಅದು ಎಷ್ಟು ಮೊಗೆದರೂ ಬತ್ತದ ಬಾವಿ. ಮರುನಿರ್ಮಾಣದಲ್ಲೂ ಹಾಗೆಯೇ ಆಗುತ್ತದೆಯೇ? ಗಡಿಯಾರ ಹಿಡಿದು ಒಂದು ಹಗಲು ರಾತ್ರಿಯನ್ನು ಅಳೆಯಿರಿ. ಪಿಸ್ಟನ್ನಿನ ಮೇಲಿನ ಜಾಗಕ್ಕೆ ಶಕ್ತಿ ಕೊಟ್ಟು ನೋಡಿ. ಕೊನೆಯಲ್ಲಿ, ಆಟ ಕಟ್ಟಿದವರು ಊಹಿಸಿರಲಾರರು ಎಂದು ನಿಮಗೆ ಅನಿಸುವ ಏನನ್ನಾದರೂ ಮಾಡಿ. ಅಲ್ಲಿಯೂ ಮೂಲದ ಉತ್ತರವೇ ಬಂದರೆ ಕಟ್ಟಿದವರು ನಿಯಮವನ್ನು ಹಿಡಿದಿದ್ದಾರೆ. ಬಾರದಿದ್ದರೆ ತೋರಿಕೆಯನ್ನಷ್ಟೇ ಹಿಡಿದಿದ್ದಾರೆ.

ಇದರಿಂದ ಲಾಭವೇನು ಎಂದು ಕೇಳಬಹುದು. ಆಟ ಮಾರುವ ಸಂಸ್ಥೆಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ, ಹಳೆಯ ಆವೃತ್ತಿಗೆ ಬೆಂಬಲ ನಿಲ್ಲಿಸುತ್ತವೆ. ಅದರೊಳಗೆ ಒಬ್ಬ ಹುಡುಗಿ ಆರು ವರ್ಷ ಕಟ್ಟಿದ ಊರು ಆಗ ತೆರೆಯದ ಕಡತವಾಗಿ ಉಳಿಯುತ್ತದೆ. ನಿಯಮ ಬಲ್ಲ ಹವ್ಯಾಸಿಯೊಬ್ಬ ಎಲ್ಲೋ ಇದ್ದರೆ ಆ ಊರಿನಲ್ಲಿ ಮತ್ತೆ ನೀರು ಹರಿಯುತ್ತದೆ, ಬಾಗಿಲು ತೆರೆಯುತ್ತದೆ. ಮಣೆ ಗೆದ್ದಲು ಹಿಡಿದು ಹೋದರೂ ಅಳಗುಳಿಮಣೆ ಇಂದಿಗೂ ಉಳಿದಿರುವುದು, ಗುಳಿ ಎಷ್ಟು, ಕಾಳು ಎಷ್ಟು ಎಂಬುದನ್ನು ನೆನಪಿಟ್ಟವರು ಮನೆಮನೆಯಲ್ಲಿ ಇದ್ದುದರಿಂದ. ಕಂಪ್ಯೂಟರಿನ ಆಟಗಳಿಗೆ ಆ ನೆನಪನ್ನು ಕಾಯುತ್ತಿರುವವರು ಈ ಹವ್ಯಾಸಿಗಳು. ಅವರ ಕೆಲಸವನ್ನು ಬಣ್ಣ ನೋಡಿ ಅಳೆಯದೆ, ಆಡಿ ಅಳೆಯುವುದು ನ್ಯಾಯ.